ಅತ್ತೆಯನ್ನೇ ಕೇಳಿ

80 ದಾಟಿದ ಕೇಂದ್ರ ಸರ್ಕಾರದ ಪಿಂಚಣಿದಾರರು ಬದುಕಿದ್ದೇವೆ ಅಂತ ವರ್ಷಕ್ಕೊಮ್ಮೆ ತೋರಿಸುವ ಲೈಫ್ ಸರ್ಟಿಫಿಕೇಟ್ ಕೊಡೋಕೆ ನವೆಂಬರ್‌ವರೆಗೆ ಕಾಯಬೇಕಿಲ್ಲ, ಅಕ್ಟೋಬರ್ 1ರಿಂದಲೇ ಕೊಡಬಹುದು. ನನ್ನ ಸೋದರತ್ತೆಗೆ 2024ರಲ್ಲಿ 81. ನೂಕುನುಗ್ಗಲು ಬೇಡ ಅಂತ ಮೊದಲ ದಿನವೇ ಹೊರಟರು. ಚಿಕ್ಕಮಗಳೂರಿನ ಒಂದು ಬ್ಯಾಂಕಿಗೆ ನಾನೂ ಜೊತೆಗೆ ಹೋದೆ.

ಕೌಂಟರಿನಲ್ಲಿದ್ದ ಹುಡುಗ ನನ್ನ ಕಡೆ ತಿರುಗಿ ಕೇಳಿದ, "ಇವ್ರ ಹೆಸ್ರೇನು?" ಅತ್ತೆ ಹೇಳಿದರು. "ಪಿಪಿಒ ನಂಬರ್ ಇದ್ಯಾ?" ಅದು ಪಿಂಚಣಿ ಆದೇಶದ ನಂಬರ್, ಅದನ್ನೂ ನನಗೇ ಕೇಳಿದ. ಅತ್ತೆ ಚೀಟಿ ನೋಡದೆ ಪೂರ್ತಿ ನಂಬರ್ ಹೇಳಿದರು. ಬರೆದುಕೊಂಡು ಮತ್ತೆ ನನ್ನ ಮುಖ ನೋಡಿದ, "ಫೋನ್ ನಂಬರ್ ನಿಮ್ದು ಕೊಡ್ತೀರಾ?"

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಆಪರೇಟರ್, ಅಂದರೆ ದೂರದ ಊರಿನ ಕಾಲ್ ಜೋಡಿಸಿಕೊಡುವವರು ಆಗಿದ್ದವರು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಕಾಲ್ ಬುಕ್ ಮಾಡುವ ಕಾಲ ಅದು. ಎಲ್ಲಕ್ಕಿಂತ ಬೇಗ ಸಿಗುವ ಲೈಟ್ನಿಂಗ್‌ಗೆ ಆರ್ಡಿನರಿಯ ಎಂಟು ಪಟ್ಟು ದುಡ್ಡು. ಕಾಫಿ ರೇಟು ಕೇಳೋಕೆ ಎಸ್ಟೇಟಿನವರು, ಸಾವಿನ ಸುದ್ದಿ ಮುಟ್ಟಿಸೋಕೆ ಹಳ್ಳಿಯವರು, ಎಲ್ಲರ ಮಾತೂ ಇವರು ಚುಚ್ಚುತ್ತಿದ್ದ ವೈರಿನ ಮೂಲಕವೇ ಹೋಗಬೇಕಿತ್ತು. ಅಂಥವರನ್ನು ಎದುರಿಗೆ ಕೂರಿಸಿಕೊಂಡು ಪಕ್ಕದವರ ಹತ್ತಿರ ಮಾತಾಡುವುದು ನನಗೆ ಬಹಳ ನೋವಾಯಿತು.

ಆಮೇಲೆ ಬೆರಳಚ್ಚು. ಬಲಗೈ ಹೆಬ್ಬೆರಳು ಇಟ್ಟರು, ಬರಲಿಲ್ಲ. ತೋರುಬೆರಳೂ ಬರಲಿಲ್ಲ. ರೇಷನ್ ಅಂಗಡಿಯಲ್ಲಿ ಎಲ್ಲರೂ ಮಾಡುವ ಹಾಗೆ ಬೆರಳನ್ನು ತಲೆಗೂದಲಿಗೆ ಉಜ್ಜಿ, ಸೆರಗಿನಲ್ಲಿ ಒರೆಸಿ ಮತ್ತೆ ಒತ್ತಿದರು. ಯಂತ್ರದಲ್ಲಿ ಕೆಂಪು ದೀಪ ಬಂದು ಹೋಯಿತು. ಅವರ ಬೆರಳ ತುದಿ ನೋಡಿದೆ. ಗೆರೆಗಳು ಸವೆದು ಚರ್ಮ ನುಣ್ಣಗಾಗಿದೆ. ವಯಸ್ಸಾದಂತೆ ಹೀಗಾಗುತ್ತೆ, ಪಾತ್ರೆ ಬಟ್ಟೆ ತೊಳೆದ ಕೈಯಾದರೆ ಇನ್ನೂ ಜಾಸ್ತಿ.

"ಅಜ್ಜಿದು ಬರ್ತಿಲ್ಲ. ನಾಳೆ ರಜೆ, ನಾಳಿದ್ದು ಕರ್ಕೊಂಡು ಬನ್ನಿ."

"ಅವರನ್ನೇ ಕೇಳಿ, ಪಿಂಚಣಿ ಅವರದು" ಅಂದೆ. ಆಗಷ್ಟೇ ಆತ ಅತ್ತೆಯನ್ನು ನೇರ ನೋಡಿದ್ದು.

"ಮುಖ ತೋರಿಸಿ ಮಾಡೋದು 2021ರಿಂದ ಇದೆಯಲ್ಲಪ್ಪಾ. ನನ್ನ ಫೋನಿನಲ್ಲಿ ಆಗಲ್ಲ, ನಿಂದ್ರಲ್ಲಿ ನೋಡು" ಅಂದರು ಅತ್ತೆ. ಹುಡುಗ ಫೋನ್ ತೆಗೆದ. ಕಣ್ಣು ಮಿಟುಕಿಸಿ ಅಂದ, ಮಿಟುಕಿಸಿದರು, ಕೆಲಸ ಮುಗಿಯಿತು. "ಆಯ್ತಮ್ಮ, ಮೆಸೇಜ್ ಬರುತ್ತೆ" ಅಂತ ಈ ಸಲ ಅವರಿಗೇ ಹೇಳಿದ. ಕೆಟ್ಟವನೇನಲ್ಲ. ವಯಸ್ಸಾದವರ ಜೊತೆ ಬಂದವರನ್ನು ಮಾತಾಡಿಸಿದರೆ ಸಾಕು ಅನ್ನೋದು ನಮ್ಮೆಲ್ಲರಿಗೂ ಅಭ್ಯಾಸವಾಗಿಬಿಟ್ಟಿದೆ. ಡಾಕ್ಟರ ಹತ್ತಿರ ಹೋದರೂ ಹೀಗೇ ಆಗುತ್ತೆ, ಬಟ್ಟೆ ಅಂಗಡಿಯಲ್ಲೂ ಹೀಗೇ.

ಅಕ್ಟೋಬರ್ 1 ವಿಶ್ವ ಹಿರಿಯರ ದಿನ ಕೂಡ. ಸಂಜೆ ಬಡಾವಣೆಯಲ್ಲಿ ಸನ್ಮಾನವಿತ್ತು. ಅತ್ತೆ ಸೇರಿದಂತೆ ಹಿರಿಯರನ್ನೆಲ್ಲ ವೇದಿಕೆಯಲ್ಲಿ ಕೂರಿಸಿದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಒಬ್ಬರು ತಂದೆ ತಾಯಿಯ ಪೋಷಣೆಗೆ 2007ರಲ್ಲಿ ಬಂದ ಕಾನೂನಿನ ಬಗ್ಗೆ ಚೆನ್ನಾಗಿ ಹೇಳಿದರು, ಅದು ಬೇಕಾದ ಮಾತೇ. ಇನ್ನೊಬ್ಬರು ಹಿರಿಯರು ದೇವರ ಸಮಾನ ಅಂದರು. ಕುರ್ಚಿಯಲ್ಲಿ ಕೂತವರ ಕೈಗೆ ಮೈಕ್ ಬರಲೇ ಇಲ್ಲ. ದೇವರು ಅಂದುಬಿಟ್ಟರೆ ಅವರ ಅಭಿಪ್ರಾಯ ಕೇಳಬೇಕು ಅಂತ ಅನ್ನಿಸೋದೇ ಇಲ್ಲ. ಬೆಳಿಗ್ಗೆ ಬ್ಯಾಂಕಿನಲ್ಲಿ ಆಗಿದ್ದೂ ಅದೇ ಅಲ್ವಾ?

ಆಟೋದಲ್ಲಿ ಕೇಳಿದೆ, "ಅತ್ತೆ, ಮೈಕ್ ಕೊಟ್ಟಿದ್ದರೆ ಏನು ಹೇಳುತ್ತಿದ್ದಿರಿ?"

ಯೋಚಿಸಲೇ ಇಲ್ಲ. ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಅಂದರೆ ಟಿಕೆಟ್ಟಿನಲ್ಲಿ ರಿಯಾಯಿತಿ ಕೊಟ್ಟರೂ ಹತ್ತೋಕಾಗಲ್ಲ. ತರಕಾರಿ ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ ಕೂರೋಕೆ ಒಂದು ಕಲ್ಲುಬೆಂಚೂ ಇಲ್ಲ. ಪಾರ್ಕಿನ ಶೌಚಾಲಯಕ್ಕೆ ಸದಾ ಬೀಗ. "ಅದಕ್ಕೇ ನಮ್ಮ ವಯಸ್ಸಿನವರು ಮನೆಯಿಂದ ಹೊರಗೇ ಬರಲ್ಲ. ಕಾಲು ನೋವು ಅಂತ ಸುಮ್ನೆ ಹೇಳ್ತಾರೆ ಅಷ್ಟೇ" ಅಂದರು.

ಆ ವಾರವೇ ನಗರಸಭೆಗೆ ಅರ್ಜಿ ಬರೆದರು, ತಮ್ಮ ದುಂಡು ಅಕ್ಷರದಲ್ಲಿ. ಬೀದಿಯ ಹಿರಿಯರನ್ನೆಲ್ಲ ಮನೆಗೆ ಕರೆದು, ಇನ್ನೇನು ಸೇರಿಸಬೇಕು ಅಂತ ಒಬ್ಬೊಬ್ಬರನ್ನೇ ಕೇಳಿ ಸಹಿ ಹಾಕಿಸಿದರು. ಶೌಚಾಲಯದ ಬೀಗ ತೆಗೆದಿದ್ದಾರೆ. ಬೆಂಚಿಗಾಗಿ ಎರಡನೇ ಅರ್ಜಿ ಹೋಗಿದೆ.