ಲೇಸರ್ ಹಿಡಿದು ಅಡುಗೆಮನೆಯಲ್ಲಿ: ಎರಡನೆಯ ವಾರ

ಅಡುಗೆಮನೆಯ ದ್ರವಗಳನ್ನು ವಿಂಗಡಿಸಿ ಮೊದಲ ವಾರ ಮಾಡಿದ್ದ ಪಟ್ಟಿಯನ್ನು ಹರಿದು ಹಾಕಿದೆ. ತಳದಲ್ಲಿ ಗಸಿ ನಿಂತದ್ದೆಲ್ಲ ಅಸಮರೂಪ ಮಿಶ್ರಣ (ಎಲ್ಲ ಕಡೆ ಒಂದೇ ತೆರನಾಗಿ ಬೆರೆಯದ್ದು), ನೋಡಲು ಒಂದೇ ಸಮನಾಗಿದ್ದದ್ದೆಲ್ಲ ಸಮರೂಪ ಮಿಶ್ರಣ (ಎಲ್ಲ ಕಡೆ ಒಂದೇ ತೆರನಾಗಿ ಬೆರೆತದ್ದು) ಎಂದು ಬರೆದುಕೊಂಡಿದ್ದೆ. ರಾಗಿ ಅಂಬಲಿ, ನೀರುಮಜ್ಜಿಗೆ, ಅರಿಶಿನ ಕದಡಿದ ನೀರು ತಕರಾರಿಲ್ಲದೆ ಮೊದಲ ಗುಂಪಿಗೆ ಹೋದವು. ಹಾಲು, ಬೆಲ್ಲದ ಪಾನಕ, ಕಾಫಿ ಡಿಕಾಕ್ಷನ್ ಎರಡನೆಯದಕ್ಕೆ. ಈ ಮೂರೂ ತಪ್ಪು.

ತಪ್ಪು ಹಿಡಿದದ್ದು ಕೆಂಪು ಲೇಸರ್ ಪಾಯಿಂಟರ್. ಕತ್ತಲೆ ಕೋಣೆಯಲ್ಲಿ ಗಾಜಿನ ಲೋಟದ ಮೂಲಕ ಬೆಳಕು ಹಾಯಿಸಿ ಪಕ್ಕದಿಂದ ನೋಡಬೇಕು (ಎದುರಿನಿಂದ ಖಂಡಿತ ಬೇಡ, ಕಣ್ಣಿಗೆ ಅಪಾಯ). ಕರಗಿದ ಕಣಗಳು ಒಂದು ನ್ಯಾನೋಮೀಟರಿಗಿಂತ (ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ) ಚಿಕ್ಕದಾಗಿರುವ ನಿಜವಾದ ದ್ರಾವಣದಲ್ಲಿ ಬೆಳಕಿನ ಜಾಡು ಕಾಣುವುದಿಲ್ಲ. ಕಲಿಲದ, ಅಂದರೆ ಕರಗದ ಅತಿ ಸಣ್ಣ ಕಣಗಳು ಹರಡಿಕೊಂಡಿರುವ ಮಿಶ್ರಣದ, ಕಣಗಳು ಅದಕ್ಕಿಂತ ದೊಡ್ಡವು. ಬೆಳಕನ್ನು ಚದುರಿಸಿ ಗೆರೆ ಮೂಡಿಸುತ್ತವೆ. ಇದೇ ಟಿಂಡಾಲ್ ಪರಿಣಾಮ.

ಶನಿವಾರ ಆರಂಭದಲ್ಲೇ ಎಡವಿದೆ. ಉಪ್ಪುನೀರಿನಲ್ಲಿ ಗೆರೆ ಕಂಡಿತು! ಪಠ್ಯಪುಸ್ತಕವನ್ನು ಬೈಯುವ ಮೊದಲು, ಸದ್ಯ, ಬರಿಯ ನಲ್ಲಿ ನೀರಿಗೂ ಲೇಸರ್ ಬಿಟ್ಟು ನೋಡುವ ಬುದ್ಧಿ ಬಂತು. ಅಲ್ಲೂ ಗೆರೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದಾಗ ಗೆರೆ ಹೆಚ್ಚುಕಡಿಮೆ ಮಾಯವಾಯಿತು. ಅದಕ್ಕೆ ಪುಡಿಯುಪ್ಪು ಹಾಕಿದರೆ ಮತ್ತೆ ಮಸುಕು. ಉಪ್ಪು ಗಂಟು ಕಟ್ಟದಿರಲೆಂದು ಬೆರೆಸುವ, ನೀರಿನಲ್ಲಿ ಕರಗದ ಪುಡಿಯ ಮೇಲೆ ನನ್ನ ಅನುಮಾನ. ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಸಿದುಕೊಂಡ ಮೇಲೆ ಉಪ್ಪುನೀರು ಸಮರೂಪದ ಸಾಲಿಗೆ ಸೇರಿತು.

ಹಾಲು ಒಂದೇ ಹನಿ ಸಾಕಾಯಿತು: ಲೋಟದ ಈ ಬದಿಯಿಂದ ಆ ಬದಿಗೆ ಕೆಂಪು ದಾರ ಬಿಗಿದಂತೆ. ಪಾನಕವನ್ನು ಬಟ್ಟೆಯಲ್ಲಿ, ಆಮೇಲೆ ಫಿಲ್ಟರ್ ಕಾಗದದಲ್ಲಿ ಸೋಸಿದರೂ ಗೆರೆ ಹೋಗಲಿಲ್ಲ. ಡಿಕಾಕ್ಷನ್ನಿನ ಮೇಲೆ ಮಾತ್ರ ನನಗೆ ಭರವಸೆ ಇತ್ತು. ಚರಟ ಬಾರದಂತೆ ಸೋಸಿ, ಜೇನಿನ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿದಾಗ ಲೋಟದ ಹಿಂದಿಟ್ಟ ಪತ್ರಿಕೆಯ ಅಕ್ಷರಗಳನ್ನು ಸಲೀಸಾಗಿ ಓದಬಹುದಿತ್ತು. ಲೇಸರ್ ಬಿಟ್ಟರೆ ದಪ್ಪ ಗೆರೆ. ವಿಜ್ಞಾನಿ ಮೈಕೆಲ್ ಫ್ಯಾರಡೆ 1857ರಲ್ಲಿ ವಿವರಿಸಿದ ಚಿನ್ನದ ಕೆಂಪು ದ್ರವವೂ ಇದೇ ಜಾತಿಯದು. ನೋಟಕ್ಕೆ ತಿಳಿ, ಒಳಗೆ ಅತಿ ಸಣ್ಣ ಚಿನ್ನದ ಕಣಗಳು. ಪಾರದರ್ಶಕ ಎಂದ ಮಾತ್ರಕ್ಕೆ ಸಮರೂಪ ಎನ್ನುವ ಹಾಗಿಲ್ಲ.

ಭಾನುವಾರದ್ದು ಇದಕ್ಕಿಂತ ಸೊಗಸು. ಶುಕ್ರವಾರವೇ ಹಳೆಯ ಮೀನಿನ ತೊಟ್ಟಿಯ ತಳಕ್ಕೆ ಸಕ್ಕರೆ ಹರವಿ, ಅಲುಗದಂತೆ ನೀರು ಸುರಿದು ಬಿಟ್ಟಿದ್ದೆ. ಜಾಡು ಕಾಣಲೆಂದು ನೀರಿಗೆ ಮೊದಲೇ ಒಂದು ಹನಿ ಹಾಲು ಬೆರೆಸಿದ್ದೆ. ತಳಕ್ಕೆ ಹತ್ತಿರವಾಗಿ ಅಡ್ಡಲಾಗಿ ಬಿಟ್ಟ ಬೆಳಕು ನೇರ ಹೋಗಲಿಲ್ಲ, ಬಿಲ್ಲಿನಂತೆ ಕೆಳಕ್ಕೆ ಬಾಗಿತು! ಬರಿಯ ನೀರಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) ಸುಮಾರು 1.33, ತೂಕದಲ್ಲಿ ಅರ್ಧ ಸಕ್ಕರೆಯಿರುವ ಪಾಕದ್ದು 1.42. ಮೇಲಿನಿಂದ ಕೆಳಗೆ ಹೋದಂತೆ ಸಕ್ಕರೆ ಹೆಚ್ಚು, ಹಾಗಾಗಿ ಬೆಳಕು ಸಾಂದ್ರ ಭಾಗದ ಕಡೆಗೆ ವಾಲುತ್ತದೆ. ತೊಟ್ಟಿಯಲ್ಲಿ ಒಂದು ಕಾಳು ಸಕ್ಕರೆಯೂ ಉಳಿದಿರಲಿಲ್ಲ, ಎಲ್ಲ ಕರಗಿತ್ತು. ಆದರೂ ಒಂದು ಚಮಚ ಮೇಲಿನಿಂದ, ಒಂದು ಚಮಚ ತಳದಿಂದ ತೆಗೆದು ರುಚಿ ನೋಡಿದರೆ ಒಂದು ಸಪ್ಪೆ, ಒಂದು ಪಾಕ.

ಸೌಟಿನಿಂದ ಚೆನ್ನಾಗಿ ಕಲಕಿ, ಸುಳಿ ನಿಂತ ಮೇಲೆ ಮತ್ತೆ ಲೇಸರ್ ಬಿಟ್ಟೆ. ಗೆರೆ ನೆಟ್ಟಗಾಗಿತ್ತು. ಹೊಸ ಪಟ್ಟಿಯಲ್ಲಿ ಸಕ್ಕರೆ ನೀರಿಗೆ ಎರಡು ಸಾಲು ಕೊಟ್ಟಿದ್ದೇನೆ, ಕಲಕುವ ಮುಂಚಿನದು ಒಂದು, ಕಲಕಿದ ಮೇಲಿನದು ಇನ್ನೊಂದು.