ಬೇಟೆಗಿಂತ ಮೊದಲು ಹೊರೆಯ ಲೆಕ್ಕ

ಬೆಟ್ಟದ ಕಾಡಿಗೆ ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಬೇಟೆಗೆ ಹೊರಟವರು ಮೊದಲು ಕೇಳುವುದು ಯಾವ ಬಂದೂಕು, ಯಾವ ದುರ್ಬೀನು ಅಂತ. ನಾನು ಮೊದಲು ಹಾಕುವುದು ಹೊರೆಯ ಲೆಕ್ಕ. ದೊಡ್ಡ ಗಂಡು ಎಲ್ಕ್ 300 ಕಿಲೋ ದಾಟುತ್ತದೆ. ಮೂಳೆ ಬಿಡಿಸಿದ ಮೇಲೂ ಸುಮಾರು 100 ಕಿಲೋ ಮಾಂಸ ಇರುತ್ತದೆ. ಬೆಟ್ಟದ ದಾರಿಯಲ್ಲಿ ಒಬ್ಬರಿಗೆ 25–30 ಕಿಲೋ ಹೊರುವುದೇ ಜಾಸ್ತಿ, ಅಲ್ವಾ? ರಸ್ತೆಯಿಂದ 8 ಕಿಲೋಮೀಟರ್ ಒಳಗೆ ಒಬ್ಬರೇ ಇದ್ದಾಗ ಹೊಡೆದರೆ, ನಾಲ್ಕು ಹೊರೆ ಹೊರಗೆ ಹಾಕಿ ಮತ್ತೆ ಮತ್ತೆ ಹಿಂದೆ ಹೋಗಿ ಬರುವಷ್ಟರಲ್ಲಿ 56 ಕಿಲೋಮೀಟರ್ ನಡೆದಿರುತ್ತೀರಿ.

ಅಲ್ಲಿಯವರೆಗೆ ಮಾಂಸ ಕೆಡದೆ ಉಳಿಯುವುದಿಲ್ಲ.

ನನ್ನ ಮೊದಲ ಬೇಟೆಯಲ್ಲಿ ಇದು ಗೊತ್ತಿರಲಿಲ್ಲ. ಕತ್ತಲಾಗಿತ್ತು, ಚಳಿ ಕೊರೆಯುತ್ತಿತ್ತು, ಬೆಳಿಗ್ಗೆ ಸುಲಿದರಾಯ್ತು ಅಂತ ಬಿಟ್ಟೆ. ಬೆಳಿಗ್ಗೆ ಕೂದಲ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು, ಆದರೆ ತೊಡೆಯ ಮೂಳೆಯ ಹತ್ತಿರ ಕೈ ಇಟ್ಟರೆ ಇನ್ನೂ ಬೆಚ್ಚಗಿತ್ತು. ಹುಳಿ ವಾಸನೆ. ಒಂದು ಪ್ರಾಣಿಯ ಜೀವ ತೆಗೆದು ಅದರ ತೊಡೆಯನ್ನು ಅಲ್ಲೇ ಬಿಟ್ಟು ಬಂದ ಸಂಕಟ ಇನ್ನೂ ಹೋಗಿಲ್ಲ. ಈಗ ಎಷ್ಟೇ ಸುಸ್ತಾಗಿರಲಿ, ಹೆಡ್‌ಲ್ಯಾಂಪ್ ಹಾಕಿಕೊಂಡು ಆಗಲೇ ಚರ್ಮ ಸುಲಿದು, ತುಂಡುಗಳನ್ನು ತೆಳು ಬಟ್ಟೆಯ ಚೀಲಕ್ಕೆ ಹಾಕಿ, ಗಾಳಿಯಾಡುವ ನೆರಳಲ್ಲಿ ತೂಗುಹಾಕುತ್ತೇನೆ. ಕರುಳು ಬಿದ್ದ ಜಾಗದಿಂದ ದೂರ, ಯಾಕೆಂದರೆ ಆ ವಾಸನೆಗೆ ಕರಡಿ ಬರುತ್ತದೆ.

ಪರ್ಮಿಟ್ ಕೆಲಸ ತಿಂಗಳುಗಟ್ಟಲೆ ಮೊದಲೇ ಮುಗಿಸಬೇಕು. ಅಮೆರಿಕದ ರಾಕಿ ಬೆಟ್ಟಗಳ ಹಲವು ಕಡೆ ಲಾಟರಿ ಎತ್ತಿ ಕೊಡುತ್ತಾರೆ. ವಯೋಮಿಂಗ್ ರಾಜ್ಯದಲ್ಲಂತೂ ವೈಲ್ಡರ್‌ನೆಸ್ (ರಸ್ತೆ, ವಾಹನ ಇಲ್ಲದ ಸಂರಕ್ಷಿತ ಪ್ರದೇಶ) ಅಂತ ಘೋಷಿಸಿದ ಕಾಡಿನಲ್ಲಿ ಹೊರ ರಾಜ್ಯದವರು ಗೈಡ್ ಇಲ್ಲವೇ ಅಲ್ಲಿಯ ನಿವಾಸಿ ಜೊತೆಗಿಲ್ಲದೆ ಎಲ್ಕ್ ಬೇಟೆಯಾಡುವ ಹಾಗಿಲ್ಲ. 2,500 ಮೀಟರ್‌ಗಿಂತ ಮೇಲಿದ್ದರೆ ಎರಡು ದಿನ ಮುಂಚೆ ಹೋಗಿ ಸುಮ್ನೆ ಇರಿ, ಮೈ ಹೊಂದಿಕೊಳ್ಳಲಿ.

ಗಾಳಿಯನ್ನೂ ನಕ್ಷೆಯ ಜೊತೆಗೇ ಯೋಚಿಸಿ. ರಾತ್ರಿಯ ತಣ್ಣನೆ ಗಾಳಿ ಬೆಳಗಿನ ಜಾವದವರೆಗೂ ಇಳಿಜಾರಿನಲ್ಲಿ ಕೆಳಗಿಳಿಯುತ್ತಿರುತ್ತದೆ, ಬಿಸಿಲೇರಿದ ಮೇಲೆ ಮೇಲಕ್ಕೆ ತಿರುಗುತ್ತದೆ. ಆ ತಿರುಗುವ ಹೊತ್ತಿನಲ್ಲಿ ನೀವು ಎಲ್ಕ್ ಹಿಂಡಿನ ಕೆಳಗಿದ್ದರೆ ನಿಮ್ಮ ವಾಸನೆ ನೇರ ಅವುಗಳ ಮೂಗಿಗೆ.

ಈ ಸಲ ನಾವು ಇಬ್ಬರು. ನಕ್ಷೆಯಲ್ಲಿ ರಸ್ತೆಯಿಂದ 4 ಕಿಲೋಮೀಟರ್‌ಗೆ ಗೆರೆ ಎಳೆದಿದ್ದೇನೆ. ಅದರಾಚೆ ಎಂಥ ಕೊಂಬು ಕಂಡರೂ ಗುಂಡು ಹಾರಿಸುವುದಿಲ್ಲ ಅಂತ ಇಬ್ಬರೂ ಈಗಲೇ ಮಾತಾಡಿಕೊಂಡಿದ್ದೇವೆ.