ಅಧ್ಯಯನಕ್ಕೆ ಅಂತ ಹಕ್ಕಿ ಕೊಲ್ಲೋದು ಯಾಕೆ, ಫೋಟೋ ಸಾಲದಾ?

ಸಾಲುತ್ತದೆ. ಎಲ್ಲಿ ಯಾವ ಹಕ್ಕಿ ಇದೆ, ಎಷ್ಟಿದೆ ಅನ್ನುವುದಕ್ಕೆ ಕ್ಯಾಮೆರಾ, ಬೈನಾಕ್ಯುಲರ್, ರೆಕಾರ್ಡರ್ ಧಾರಾಳ. ಅಷ್ಟಕ್ಕೇ ಇವತ್ತು ಯಾರಾದರೂ ಹಕ್ಕಿ ಹೊಡೆದರೆ ಅದು ಬರೀ ಚಟ. ನನಗೆ ಸಿಟ್ಟು ಬರುವುದು ಪ್ರಶ್ನೆಯ ಧಾಟಿಗೆ. ಕೇಳುವವರು ಬಂದೂಕನ್ನು ಕಲ್ಪಿಸಿಕೊಂಡೇ ಕೇಳುತ್ತಾರೆ. ಹಿಡಿಯುವುದೂ ಕೊಲ್ಲುವುದೂ ಅವರಿಗೆ ಒಂದೇ.

ಈಗ ಹೆಚ್ಚಿನ ಕೆಲಸ ನಡೆಯುವುದು ಮಿಸ್ಟ್ ನೆಟ್ಟಿನಲ್ಲಿ. ತೆಳು ದಾರದ ಬಲೆ. ಹಕ್ಕಿ ಬಂದು ಬಡಿದು ಅದರ ಜೋಲಿಗೆ ಬೀಳುತ್ತದೆ. ಕಾಲು ಗಂಟೆಗೆ, ಹೆಚ್ಚೆಂದರೆ ಅರ್ಧ ಗಂಟೆಗೊಮ್ಮೆ ಹೋಗಿ ನೋಡಲೇಬೇಕು. ತಡವಾದರೆ ಬಿಸಿಲು, ಇರುವೆ, ಮುಂಗುಸಿ. ಮಳೆ ಬಂದರೆ ಬಲೆ ಮುಚ್ಚಬೇಕು, ಪುಕ್ಕ ನೆನೆದ ಹಕ್ಕಿ ಚಳಿಗೇ ಸಾಯುತ್ತದೆ. ಕೈಯಲ್ಲಿ ಹಿಡಿದಾಗ ಕುತ್ತಿಗೆ ತೋರುಬೆರಳು ಮತ್ತು ನಡುಬೆರಳಿನ ಮಧ್ಯೆ ಇರಬೇಕು, ಎದೆಯ ಮೇಲೆ ಒತ್ತಡ ಬೀಳಕೂಡದು. ಹಕ್ಕಿಗೆ ನಮ್ಮಂತೆ ಉಸಿರಾಟಕ್ಕೆ ನೆರವಾಗುವ ವಪೆ (ಡಯಾಫ್ರಾಮ್) ಇಲ್ಲ. ಎದೆಗೂಡು ಏರಿಳಿದರೆ ಮಾತ್ರ ಉಸಿರು. ಮುಷ್ಟಿಯಲ್ಲಿ ಹಿಡಿದು 'ಪಾಪ, ಎಷ್ಟು ಸುಮ್ಮನಿದೆ' ಅಂತ ಮುದ್ದು ಮಾಡಿದರೆ, ಅದು ಉಸಿರುಗಟ್ಟಿ ಸುಮ್ಮನಾಗಿರಬಹುದು.

ತೆಗೆಯುವ ರಕ್ತ ದೇಹತೂಕದ ಶೇ. 1 ದಾಟಬಾರದು. 30 ಗ್ರಾಂ ತೂಗುವ ಪಿಕಳಾರಕ್ಕೆ ಅದು 0.3 ಮಿ.ಲೀ. ಡಿಎನ್‌ಎಗೆ ಅಷ್ಟೂ ಬೇಡ. ಹಕ್ಕಿಯ ಕೆಂಪು ರಕ್ತಕಣದಲ್ಲಿ ಡಿಎನ್‌ಎ ಹೊತ್ತ ಕೋಶಕೇಂದ್ರ ಇರುವುದರಿಂದ ಒಂದೆರಡು ಹನಿ ಸಾಕು. ರೆಕ್ಕೆಯಡಿಯ ರಕ್ತನಾಳಕ್ಕೆ ಸಣ್ಣ ಸೂಜಿ ಚುಚ್ಚಿ, ಬಂದ ಹನಿಯನ್ನು ನಳಿಕೆಗೆ ಹೀರಿಸಿ, ರಕ್ತ ನಿಲ್ಲುವ ತನಕ ಹತ್ತಿ ಒತ್ತಿ ಹಿಡಿಯಬೇಕು. ಇಲ್ಲಿ ಅವಸರಪಟ್ಟರೆ ಚರ್ಮದಡಿ ರಕ್ತ ಹೆಪ್ಪುಗಟ್ಟುತ್ತದೆ. 2017ರಲ್ಲಿ ಪಶ್ಚಿಮಘಟ್ಟದ ಎತ್ತರದ ಶೋಲಾ ಕಾಡಿನ ಕೆಲವು ಹಕ್ಕಿಗಳನ್ನು ಶೋಲಿಕೋಲ, ಮಾಂಟೆಸಿಂಕ್ಲ ಎಂಬ ಎರಡು ಹೊಸ ಕುಲಗಳಿಗೆ ಸೇರಿಸಿದ್ದರ ಹಿಂದೆ ಇಂಥ ಹನಿಗಳಿವೆ. ಮ್ಯೂಸಿಯಂನಲ್ಲಿ ಹತ್ತಿ ತುಂಬಿಟ್ಟ ಹಳೇ ಹಕ್ಕಿಚರ್ಮಗಳ ಅಳತೆಗಳೂ ಇವೆ, ಅದನ್ನು ಮುಚ್ಚಿಡುವುದಿಲ್ಲ.

ಹಳೇ ಸಂಗ್ರಹಕಾರರನ್ನು ಸಂತರು ಮಾಡುವುದೂ ಬೇಡ. 1900ರ ಡಿಸೆಂಬರ್‌ನಲ್ಲಿ ಮೆಕ್ಸಿಕೊದ ಗ್ವಾಡಲೂಪೆ ದ್ವೀಪದಲ್ಲಿ ಕಂಡ 11 ಕಾರಾಕಾರಾ ಎಂಬ ಬೇಟೆಹಕ್ಕಿಗಳಲ್ಲಿ 9ನ್ನು ಸಂಗ್ರಹಕಾರ ರೋಲೊ ಬೆಕ್ ಹೊಡೆದ. ಮೇಕೆ ಸಾಕುವವರು ಅವನ್ನು ಮೊದಲೇ ಮುಗಿಸುತ್ತ ಬಂದಿದ್ದರು, ಉಳಿದದ್ದಕ್ಕೆ ಇವನು. ಅತ್ತ ಬ್ರಿಟನ್ನಿನಲ್ಲಿ ಹವ್ಯಾಸಿಗಳು ಗೂಡು ದೋಚಿ ಜೋಡಿಸಿಟ್ಟ ಮೊಟ್ಟೆಗಳಿದ್ದುದರಿಂದಲೇ, 1967ರಲ್ಲಿ ಡೆರೆಕ್ ರ‍್ಯಾಟ್‌ಕ್ಲಿಫ್ ಪೆರೆಗ್ರಿನ್ ಫಾಲ್ಕನ್ನಿನ ಮೊಟ್ಟೆಚಿಪ್ಪು 1940ರ ದಶಕದ ನಡುವಿನಿಂದ ತೆಳುವಾಗಿದೆ ಎಂದು ತೋರಿಸಿದರು. ಕಾರಣ ಡಿಡಿಟಿ ಕೀಟನಾಶಕ. ಆ ತೆಳುವನ್ನು ಯಾವ ಫೋಟೋ ತೋರಿಸುತ್ತಿತ್ತು? ಹಾಗಂತ ಎಲ್ಲದಕ್ಕೂ ಹೆಣ ಬೇಕೆಂದೇನಿಲ್ಲ. ಅರುಣಾಚಲದ ಬುಗುನ್ ಲಿಯೋಸಿಕ್ಲ ಹಕ್ಕಿಯನ್ನು 2006ರಲ್ಲಿ ರಮಣ ಆತ್ರೇಯ ಹೊಸ ಜಾತಿ ಎಂದು ವಿವರಿಸಿದ್ದು ಉದುರಿದ ಪುಕ್ಕ, ಫೋಟೋ, ಅಳತೆ, ಕೂಗಿನ ಧ್ವನಿಮುದ್ರಣದ ಬಲದಿಂದ. ಇದ್ದದ್ದೇ ಬೆರಳೆಣಿಕೆಯಷ್ಟು, ಹಿಡಿದದ್ದನ್ನು ಬಿಟ್ಟರು.

ಯಾರೂ ಕೇಳದ ಪ್ರಶ್ನೆ ಬೇರೆ ಇದೆ: ಕೊಂದ ಹಕ್ಕಿಯ ಚೀಟಿಯಲ್ಲಿ ಏನು ಬರೆದಿದ್ದೀರಿ? ಜಾಗ, ಎತ್ತರ, ತಾರೀಕು, ತೂಕ, ಹೊಟ್ಟೆ ಸೀಳಿ ಕಂಡ ಲಿಂಗ, ಜಠರದಲ್ಲಿದ್ದದ್ದು. ಕಣ್ಣಿನ ಬಣ್ಣ ಸತ್ತ ಮೇಲೆ ಬೇಗ ಕೆಡುವುದರಿಂದ ಕೂಡಲೇ ಬರೆಯಬೇಕು. ಮಾಂಸದ ತುಣುಕನ್ನು ಆಲ್ಕೋಹಾಲಿಗೆ ಹಾಕಿಟ್ಟಿರಬೇಕು. ಇಷ್ಟಿಲ್ಲದ ಚರ್ಮ ಬರೀ ಹತ್ತಿ ತುಂಬಿದ ಗೊಂಬೆ.

ಸುಳ್ಳು ಚೀಟಿ ಇನ್ನೂ ಅಪಾಯ. ಬ್ರಿಟಿಷ್ ಸಂಗ್ರಹಕಾರ ಮೈನರ್ಟ್ಸ್‌ಹೇಗನ್, ಫಾರೆಸ್ಟ್ ಔಲೆಟ್ ಎಂಬ ಪುಟ್ಟ ಗೂಬೆಯನ್ನು 1914ರಲ್ಲಿ ಗುಜರಾತಿನಲ್ಲಿ ಹಿಡಿದೆ ಎಂದು ಬರೆದಿಟ್ಟ. ನಿಜಕ್ಕೂ ಅದು ಡೇವಿಡ್‌ಸನ್ ಎಂಬ ಇನ್ನೊಬ್ಬ ಸಂಗ್ರಹಕಾರ 1880ರ ದಶಕದಲ್ಲಿ ಸಂಗ್ರಹಿಸಿದ್ದ ಚರ್ಮ. ಕದ್ದು, ಹೊಲಿಗೆ ಬಿಚ್ಚಿ, ಮತ್ತೆ ತುಂಬಿದ್ದ. ಪಕ್ಷಿತಜ್ಞೆ ಪಮೇಲಾ ರಾಸ್ಮುಸೆನ್ ಈ ಮೋಸವನ್ನು ಬಯಲಿಗೆಳೆದು, ನಿಜವಾದ ಹಳೇ ಚೀಟಿಗಳ ಜಾಡು ಹಿಡಿದು, ಸಂಗಡಿಗರೊಂದಿಗೆ 1997ರಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಬದುಕಿರುವ ಗೂಬೆಯನ್ನೇ ಕಂಡರು.

ಅನುಮತಿಯ ಮಾತೂ ಬರುತ್ತದೆ. 1972ರ ವನ್ಯಜೀವಿ ಕಾಯ್ದೆಯ 12ನೇ ಕಲಂ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತವಾಗಿ ಕೊಡಬೇಕು. ಹೆಚ್ಚಿನ ರಕ್ಷಣೆಯ ಪಟ್ಟಿಯಾದ ಒಂದನೇ ಅನುಸೂಚಿಯ ಹಕ್ಕಿಯಾದರೆ ಕೇಂದ್ರದ ಪೂರ್ವಾನುಮತಿಯೂ ಬೇಕು. ಹಾಗಾಗಿ ಕಿಟಕಿ ಗಾಜಿಗೆ ಬಡಿದು ಸತ್ತ ಹಕ್ಕಿ ಸಿಕ್ಕರೆ ಮನೆಗೆ ತರಬೇಡಿ. ಬರಿಗೈಯಲ್ಲಿ ಮುಟ್ಟದೆ ಫೋಟೋ ತೆಗೆದು, ಜಾಗ, ದಿನ, ಹೊತ್ತು ಬರೆದು ಅರಣ್ಯ ಇಲಾಖೆಗೆ ತಿಳಿಸಿ. ಒಂದೇ ಕಡೆ ನಾಲ್ಕಾರು ಸತ್ತಿದ್ದರೆ ಪಶುಸಂಗೋಪನಾ ಇಲಾಖೆಗೂ ಹೇಳಿ, ಹಕ್ಕಿಜ್ವರ ಇರಬಹುದು.